ತನ್ನ ನೋವಿಗೆ ತಾನೇ ಸಾಕ್ಷಿ

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕಥಾಸಾಹಿತ್ಯದಲ್ಲಿ ಸ್ತ್ರೀಯ ಪಾರತಂತ್ರ್ಯವನ್ನು ಅರಸಿ ಹೊರಟವರು ಮೊದಲು ಕ್ರೂರಿಯಾದ ಗಂಡನನ್ನೋ ಅನ್ಯಾಯದ ಕಾನೂನನ್ನೋ ಹುಡುಕುವುದು ಸಹಜ. ಆದರೆ 1892ರಲ್ಲಿ ಪ್ರಕಟವಾದ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ನಳ ‘ದಿ ಯೆಲ್ಲೋ ವಾಲ್‌ಪೇಪರ್’ ಕಥೆಯ ಗಂಡ ಕ್ರೂರಿಯಲ್ಲ. ವೈದ್ಯನಾದ ಜಾನ್ ಹೆಂಡತಿಯನ್ನು ಮಹಡಿಗೆ ಎತ್ತಿಕೊಂಡು ಹೋಗಿ ಮಲಗಿಸುತ್ತಾನೆ, ಪಕ್ಕದಲ್ಲಿ ಕುಳಿತು ಓದಿ ಹೇಳುತ್ತಾನೆ. ಕಿಟಕಿಗೆ ಸರಳು ಹಾಕಿದ, ಮಂಚವನ್ನು ನೆಲಕ್ಕೆ ಮೊಳೆಯಿಂದ ಜಡಿದ ಆ ಕೋಣೆಯಲ್ಲಿ ತನಗೆ ಗುಣವಾಗುತ್ತಿಲ್ಲವೆಂದು ಅವಳು ಹೇಳಿಕೊಂಡಾಗ, ಮೈ ತುಂಬುತ್ತಿದೆ, ಮುಖಕ್ಕೆ ಕಳೆ ಬರುತ್ತಿದೆ, ವೈದ್ಯನಾದ ತಾನು ಅದನ್ನು ಬಲ್ಲೆನೆಂದು ಅಕ್ಕರೆಯಿಂದಲೇ ಅವಳ ಮಾತನ್ನು ತಡೆಯುತ್ತಾನೆ. ದಬ್ಬಾಳಿಕೆಯ ಮೂಲ ನನಗೆ ಕಾಣುವುದು ಇಲ್ಲಿಯೇ: ಹೆಣ್ಣು ತನ್ನ ದೇಹದ ವಿಷಯದಲ್ಲಿ ತಾನಾಡುವ ಮಾತು ಸಾಕ್ಷ್ಯವೆನಿಸದಂತೆ ಮಾಡುವುದರಲ್ಲಿ.

ಇದು ಬರಿಯ ಕಲ್ಪನೆಯಲ್ಲ. 1887ರಲ್ಲಿ ಗಿಲ್ಮನ್ ಸ್ವತಃ ಫಿಲಡೆಲ್ಫಿಯಾದ ಪ್ರಸಿದ್ಧ ವೈದ್ಯ ಸೈಲಸ್ ವಿಯರ್ ಮಿಚೆಲ್ಲನ ‘ವಿಶ್ರಾಂತಿ ಚಿಕಿತ್ಸೆ’ಗೆ ಒಳಗಾದಳು; ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಬೌದ್ಧಿಕ ಚಟುವಟಿಕೆ ಕೂಡದು, ಬದುಕಿರುವವರೆಗೆ ಲೇಖನಿಯನ್ನಾಗಲಿ ಕುಂಚವನ್ನಾಗಲಿ ಮುಟ್ಟಕೂಡದು ಎಂಬ ಆದೇಶದೊಡನೆ ಆತ ಅವಳನ್ನು ಮನೆಗೆ ಕಳುಹಿಸಿದ.

1973ರಲ್ಲಿ ಫೆಮಿನಿಸ್ಟ್ ಪ್ರೆಸ್ ಈ ಕಥೆಯನ್ನು ಮರುಮುದ್ರಿಸಿದ ಮೇಲೆ, ಉನ್ಮಾದದಲ್ಲಿ ಗೋಡೆಯ ಹಳದಿ ಕಾಗದವನ್ನು ಹರಿದೆಸೆದು, ಮೂರ್ಛೆ ಬಿದ್ದ ಗಂಡನ ಮೇಲೆ ತೆವಳಿ ಸಾಗುವ ಕಥಾನಾಯಕಿಯ ಕೊನೆಯ ಚಿತ್ರವನ್ನು ವಿಜಯವೆಂದು ಓದಿದವರು ಹಲವರು. ಅವರ ಉತ್ಸಾಹ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಅವಳು ಸುತ್ತುತ್ತಿರುವುದು ಅದೇ ಕೋಣೆಯನ್ನು, ಅದೇ ಗೋಡೆಯ ಅಂಚನ್ನು. ಅವಳ ಉನ್ಮಾದವನ್ನು ನಮ್ಮ ಜಯಘೋಷವಾಗಿ ಮಾರ್ಪಡಿಸುವಾಗ ನಾವೂ ಅವಳ ಪರವಾಗಿ ತಿಳಿದವರಂತೆ ಮಾತಾಡತೊಡಗುತ್ತೇವೆ.

ಈ ಕಥೆಯ ಪಕ್ಕದಲ್ಲಿ, 1859ರಲ್ಲಿ ಬಾಸ್ಟನ್ನಿನಲ್ಲಿ ಅಚ್ಚಾಗಿ, ದೀರ್ಘಕಾಲ ವಿಸ್ಮೃತವಾಗಿದ್ದು 1983ರಲ್ಲಿ ಮತ್ತೆ ಬೆಳಕು ಕಂಡ ಹ್ಯಾರಿಯೆಟ್ ವಿಲ್ಸನ್ನಳ ‘ಅವರ್ ನಿಗ್’ ಕಾದಂಬರಿಯನ್ನು ಇಟ್ಟು ನೋಡಬೇಕು. ಗುಲಾಮಗಿರಿಯಿಲ್ಲದ ಉತ್ತರದ ನಾಡಿನಲ್ಲಿ, ಬಿಳಿಯ ಬಣ್ಣದ ಎರಡಂತಸ್ತಿನ ಮನೆಯೊಂದರಲ್ಲಿ ಫ್ರಾಡೊ ಎಂಬ ಮಿಶ್ರವರ್ಣದ ಬಾಲೆ ದುಡಿಯುತ್ತಾಳೆ. ಅವಳನ್ನು ಹಿಂಸಿಸುವುದು ಪುರುಷನಲ್ಲ, ಮನೆಯೊಡತಿ. ಒಬ್ಬಳಿಗೆ ಕೆಲಸವೇ ನಿಷಿದ್ಧ, ಇನ್ನೊಬ್ಬಳಿಗೆ ವಿಶ್ರಾಂತಿಯೇ ನಿಷಿದ್ಧ. ಕಾಯಿಲೆ ಬಿದ್ದು ನಿಲ್ಲಲಾರೆನೆಂದರೂ ಫ್ರಾಡೊಳ ಮಾತನ್ನು ಒಡತಿ ನಂಬುವುದಿಲ್ಲ. ಎರಡು ಮನೆಗಳಲ್ಲಿಯೂ ರೋಗಿಯ ನುಡಿಗೆ ಬೆಲೆಯಿಲ್ಲವೆಂಬುದು ನಿಜವಾದರೂ, ಪುರುಷಾಧಿಪತ್ಯವೆಂಬ ಒಂದೇ ಸೂತ್ರದಿಂದ ಎರಡನ್ನೂ ವಿವರಿಸಹೊರಟರೆ ಬಣ್ಣವೂ ಕೂಲಿಯೂ ಲೆಕ್ಕದಿಂದ ಜಾರಿಹೋಗುತ್ತವೆ.

ಒಂದು ದಿನ ಸೌದೆ ತರಲು ತಡವಾಯಿತೆಂದು ಒಡತಿ ದೊಣ್ಣೆಯೆತ್ತಿದಾಗ, ಹೊಡೆದರೆ ಇನ್ನೆಂದೂ ಕೆಲಸ ಮಾಡೆನೆಂದು ಫ್ರಾಡೊ ಕೂಗುತ್ತಾಳೆ. ಬೆರಗಾದ ಒಡತಿ ದೊಣ್ಣೆಯನ್ನು ಕೆಳಗೆ ಬಿಟ್ಟು, ಆ ಸೌದೆಯನ್ನು ತಾನೇ ಹೊತ್ತು ಹಿಂದೆ ಬರುತ್ತಾಳೆ. ಹೀಗೆ ತಡೆಹಿಡಿಯಬಲ್ಲ ದುಡಿಮೆಯೊಂದು ಫ್ರಾಡೊಳ ಕೈಯಲ್ಲಿತ್ತು. ಮಗುವನ್ನು ದಾದಿಗೂ ಮನೆವಾರ್ತೆಯನ್ನು ನಾದಿನಿಗೂ ಒಪ್ಪಿಸಿ ಯಾವ ಕೆಲಸವನ್ನೂ ಬೇಡದೆ ಕಾಪಾಡಿದ ಜಾನನ ಪ್ರೀತಿ, ಅವನ ಹೆಂಡತಿಯ ಕೈಯಿಂದ ಆ ಆಯುಧವನ್ನೂ ಕಿತ್ತುಕೊಂಡಿತ್ತು.