ಮೂರನೆಯ ಕೋವಿಯ ಬೆಲೆ

ಪರವಾನಗಿ ಪಡೆದ ಒಬ್ಬರು ಮೂರು ಕೋವಿಗಳನ್ನು ಇಟ್ಟುಕೊಳ್ಳಲು ಶಸ್ತ್ರಾಸ್ತ್ರ ಕಾಯ್ದೆಯಲ್ಲಿದ್ದ ಅವಕಾಶವನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಮೂರನೆಯದನ್ನು ಒಂದು ವರ್ಷದೊಳಗೆ ಪೊಲೀಸ್ ಠಾಣೆಗೋ ಪರವಾನಗಿ ಇರುವ ಕೋವಿ ವ್ಯಾಪಾರಿಗೋ ಒಪ್ಪಿಸಬೇಕಾಯಿತು. ಹೀಗೆ ಠೇವಣಿ ಇಟ್ಟ ಕೋವಿಯನ್ನು ಅರ್ಹರಾದ ಇನ್ನೊಬ್ಬರಿಗೆ ಮಾರಬಹುದು; ನಿಗದಿತ ಅವಧಿಯಲ್ಲಿ ಮಾರಾಟವಾಗದಿದ್ದರೆ ಅದು ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ತಿದ್ದುಪಡಿಯಲ್ಲಿ ಪರಿಹಾರದ ಮಾತಿಲ್ಲ.

ಇಂಥ ಕೋವಿಗಳಲ್ಲಿ ಕೆಲವು ಬೇಟೆಯ ಕಾಲದವು. ಬೇಟೆಯ ಪ್ರಾಣಿಗಳ ತೊಗಲಿಗೆ ಜೀವಂತ ರೂಪ ಕೊಡುತ್ತಿದ್ದ ವ್ಯಾನ್ ಇಂಗೆನ್ ಸಂಸ್ಥೆ ಇದ್ದದ್ದು ಮೈಸೂರಿನಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಕಾಲವನ್ನು ಮುಗಿಸಿತು. ಆದರೆ ಆ ಕಾಲದ ಕೋವಿ ಪಿತ್ರಾರ್ಜಿತ ಸೊತ್ತಾಗಿ ಮುಂದಿನ ತಲೆಮಾರಿಗೆ ಸಲ್ಲಬಲ್ಲದು.

ಪರವಾನಗಿ ಸರ್ಕಾರ ಕೊಟ್ಟದ್ದು, ಆದ್ದರಿಂದ ಅದನ್ನು ಮೊಟಕುಗೊಳಿಸಿದರೆ ಪರಿಹಾರದ ಪ್ರಶ್ನೆ ಏಳದು ಎಂಬುದು ಒಂದು ವಾದ. ಇದು ಅನುಮತಿಯನ್ನೂ ವಸ್ತುವನ್ನೂ ಒಂದೆಂದು ಎಣಿಸುತ್ತದೆ. ಅನುಮತಿಗೆ ಬೆಲೆ ಕೇಳುವಂತಿಲ್ಲ, ನಿಜ. ಕೋವಿಯಾದರೋ ದುಡ್ಡು ಕೊಟ್ಟು ಕೊಂಡದ್ದು ಅಥವಾ ಹಿರಿಯರಿಂದ ಬಂದದ್ದು. ತಪ್ಪು ಮಾಡಿ ಪರವಾನಗಿ ಕಳೆದುಕೊಂಡವರ ನಷ್ಟ ಅವರದೇ. ತಪ್ಪಿಲ್ಲದವರಿಂದ ಎಲ್ಲರ ಸುರಕ್ಷತೆಗಾಗಿ ಕೋವಿ ಪಡೆದರೆ, ಆ ನಷ್ಟವನ್ನು ಎಲ್ಲರೂ ಸೇರಿ ಹೊರುವುದು ನ್ಯಾಯ.

ಮಾರಲು ಅವಕಾಶವಿದೆ ಎಂಬ ಸಮಾಧಾನವೂ ಸಾಲದು. ಮಿತಿ ಇಳಿದಾಗ ಮಾರುವವರು ಒಮ್ಮೆಲೇ ಹೆಚ್ಚುತ್ತಾರೆ, ಕೊಳ್ಳಬಲ್ಲವರು ಕಡಿಮೆಯಾಗುತ್ತಾರೆ. ಬೆಲೆಯನ್ನು ಬೀಳಿಸಿದ್ದು ಕಾನೂನೇ.

ಸಂವಿಧಾನದ 1978ರ 44ನೆಯ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳಿಂದ ತೆಗೆದು 300ಎ ವಿಧಿಯಲ್ಲಿ ಇರಿಸಿತು. ಬೆಂಗಳೂರಿನ ತಾತಗುಣಿಯ ರೋರಿಚ್ ಎಸ್ಟೇಟಿನ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪರಿಹಾರ ಕೇಳುವ ಹಕ್ಕು ಈ ವಿಧಿಯಲ್ಲೇ ಅಡಕವಾಗಿದೆ ಎಂದಿತು. ಪರಿಹಾರ ಮಾರುಕಟ್ಟೆ ಬೆಲೆಯಷ್ಟೇ ಇರಬೇಕೆಂದಿಲ್ಲ. ಆದರೆ ಏನೂ ಕೊಡದಿದ್ದರೆ ಅದನ್ನು ಸಮರ್ಥಿಸುವ ಹೊಣೆ ಸರ್ಕಾರದ್ದು.

ಕಾನೂನು ಬದಲಾಗುವ ಮುನ್ನ ಇದ್ದ ಬೆಲೆಯೇ ನ್ಯಾಯವಾದ ಅಳತೆ. ನ್ಯೂಜಿಲೆಂಡ್ ತನ್ನ 2019ರ ಮರುಖರೀದಿಯಲ್ಲಿ ಕೋವಿಗಳಿಗೆ ಮೂಲಬೆಲೆ ಗೊತ್ತುಮಾಡಿ, ಅವುಗಳ ಸ್ಥಿತಿ ನೋಡಿ ಅದರ ಶೇ 95, 70 ಅಥವಾ 25ರಷ್ಟನ್ನು ಕೊಟ್ಟಿತು. ತಾತನ ಕೋವಿಯ ಮೇಲಿನ ಮಮತೆಯನ್ನು ಹಣದಲ್ಲಿ ಅಳೆಯಲಾಗದು. ಗುಂಡು ಹಾರದಂತೆ ಮಾಡಿ ಮನೆಯಲ್ಲೇ ಉಳಿಸಿಕೊಳ್ಳುವ ಆಯ್ಕೆ ಅದಕ್ಕೆ ತಕ್ಕ ಉತ್ತರ. ಅಂಥ ಕೋವಿಗೆ ಪರಿಹಾರ ಬೇಕಿಲ್ಲ. ಪರವಾನಗಿಯಿಲ್ಲದ ನಾಡಬಂದೂಕಿಗೂ ಬೆಲೆ ಸಲ್ಲದು. ತಾವಾಗಿ ಒಪ್ಪಿಸಿದವರ ಮೇಲೆ ಮೊಕದ್ದಮೆ ಹೂಡದಿದ್ದರೆ ಸಾಕು.

ಹಣ ಎಲ್ಲಿಂದ ಬರಬೇಕು ಎಂಬುದಕ್ಕೆ ಆಸ್ಟ್ರೇಲಿಯಾದ ಮಾದರಿಯಿದೆ. 1996ರಲ್ಲಿ ಪೋರ್ಟ್ ಆರ್ಥರಿನಲ್ಲಿ 35 ಜನ ಗುಂಡಿಗೆ ಬಲಿಯಾದ ಮೇಲೆ ಅಲ್ಲಿನ ಸರ್ಕಾರ 6 ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ಕೊಂಡಿತು. ಅದಕ್ಕಾಗಿ ಆರೋಗ್ಯ ಸೇವೆಯ ತೆರಿಗೆಯನ್ನು ಒಂದು ವರ್ಷದ ಮಟ್ಟಿಗೆ ಶೇ 1.5ರಿಂದ 1.7ಕ್ಕೆ ಏರಿಸಿತು. ಸುರಕ್ಷತೆಯ ಫಲ ಉಣ್ಣುವ ಎಲ್ಲರ ಮೇಲೂ ಹಂಚಿದಾಗ ಭಾರ ಹಗುರವಾಗುತ್ತದೆ. ಮೂರನೆಯ ಕೋವಿ ಒಪ್ಪಿಸಿದವರೊಬ್ಬರ ಮೇಲೆಯೇ ಅದನ್ನು ಹೊರಿಸಲು ನ್ಯಾಯದ ಆಧಾರವಿಲ್ಲ.