ಬಿಟ್ಟಿ ಎಂಬ ಮಾತು

ಹೊಸೂರಿನ ಹತ್ತಿರದ ಒಂದು ಶಾಖೆಯಲ್ಲಿ ನಾನು ಬ್ಯಾಂಕ್ ಗುಮಾಸ್ತ. ನೀವು ಮಲಯಾಳದ ನಡುವೆ ಕನ್ನಡ ಉಳಿಸಿಕೊಂಡವರು, ನಾವು ತಮಿಳಿನ ನಡುವೆ. ಈ ವಾರ್ಷಿಕ ಸಂಚಿಕೆ ಕೈಗೆ ಬಂದಾಗ ದೂರದ ನೆಂಟರಿಂದ ಕಾಗದ ಬಂದ ಹಾಗೆ ಅನ್ನಿಸುತ್ತದೆ. ಆ ಸಲುಗೆಯಿಂದಲೇ ನನ್ನದೊಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ.

2023ರ ಸೆಪ್ಟೆಂಬರ್ 15ರಂದು ತಮಿಳುನಾಡು ಸರ್ಕಾರ ಮಹಿಳೆಯರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ಯೋಜನೆ ಆರಂಭಿಸಿತು. ಒಂದು ಕೋಟಿಗೂ ಹೆಚ್ಚು ಹೆಂಗಸರ ಖಾತೆಗಳಿಗೆ ಹಣ ಬಂತು. ಆ ದಿನಗಳಲ್ಲಿ ನಮ್ಮ ಕೌಂಟರಿನ ಮುಂದಿನ ಸಾಲು ಬಾಗಿಲು ದಾಟಿ ರಸ್ತೆಗೆ ಬರುತ್ತಿತ್ತು. ಒಂದು ಮಧ್ಯಾಹ್ನ ತಳಿ ಕಡೆಯ ಹಳ್ಳಿಯಿಂದ ಬಂದ ಒಬ್ಬ ಮುದುಕಿ ಚೀಟಿಯನ್ನು ತಪ್ಪಾಗಿ ತುಂಬಿಸಿಕೊಂಡು ಬಂದಿದ್ದಳು. ಹಸಿವು, ಸೆಕೆ, ಕೆಲಸದ ಒತ್ತಡ ಎಲ್ಲ ಸೇರಿ ನಾನು ಕನ್ನಡದಲ್ಲೇ ಗೊಣಗಿದೆ: "ಬಿಟ್ಟಿ ದುಡ್ಡು ತಗೊಳ್ಳೋಕೆ ಎಷ್ಟು ಅವಸರ!"

ಆಕೆಗೆ ಕನ್ನಡ ಬರುತ್ತಿತ್ತು. ಸಿಟ್ಟು ಮಾಡಲಿಲ್ಲ. "ನಮ್ಮತ್ತೆ ಕಾಲದಲ್ಲಿ ದೊಡ್ಡೋರ ಮನೇಲಿ ಬಿಟ್ಟಿ ಮಾಡ್ತಿದ್ರು ಸಾಮಿ. ಅದು ಬೇರೆ, ಇದು ಬೇರೆ" ಅಂದಳು. ಹಣ ಎಣಿಸಿ, ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು.

ಅವಳ ಮಾತು ನನ್ನನ್ನು ಬಿಡಲಿಲ್ಲ. ಬಿಟ್ಟಿ ಎಂದರೆ ಪುಕ್ಕಟೆಯಾಗಿ ಸಿಕ್ಕಿದ್ದು ಎಂದಷ್ಟೇ ನಾವು ಈಗ ತಿಳಿದಿದ್ದೇವೆ. ಆದರೆ ಅದರ ಹಳೆಯ ಅರ್ಥ ಕೂಲಿ ಕೊಡದೆ ಮಾಡಿಸಿಕೊಂಡ ದುಡಿಮೆ. ಸಂಸ್ಕೃತದ ವಿಷ್ಟಿ, ತಮಿಳಿನ ವೆಟ್ಟಿ. ದುಡಿಸಿಕೊಂಡವರಿಗೆ ಸಲ್ಲಬೇಕಾಗಿದ್ದ ಮಾತು ಕಾಲಕ್ರಮದಲ್ಲಿ ಕೈಚಾಚಿದವರ ಪಾಲಿಗೆ ಬಂತು. ಆ ಯೋಜನೆಗೆ ಸರ್ಕಾರ ಇಟ್ಟ ಹೆಸರಿನಲ್ಲಿದ್ದ ಪದ 'ಉರಿಮೈ', ಅಂದರೆ ಹಕ್ಕು. ಹೆಂಗಸರು ಮನೆಯಲ್ಲಿ ಕೂಲಿಯಿಲ್ಲದೆ ದುಡಿಯುವುದಕ್ಕೆ ಮನ್ನಣೆ ಎಂದು ಅದನ್ನು ವಿವರಿಸಿದ್ದರು. ಸರ್ಕಾರ ಹಕ್ಕು ಎಂದು ಬರೆದದ್ದನ್ನು ನಾನು ಬಿಟ್ಟಿ ಎಂದು ಓದಿದ್ದೆ.

ಕೌಂಟರಿನಲ್ಲಿ ಕುಳಿತವನಿಗೆ ಊರಿನ ಅಭಿಪ್ರಾಯವೆಲ್ಲ ಕೇಳಿಸುತ್ತದೆ. "ಸರ್ಕಾರ ಜನರನ್ನು ಸೋಮಾರಿ ಮಾಡುತ್ತಿದೆ" ಎಂದು ಒಬ್ಬ ರೈತರು ಹೇಳಿದರು. ಅವರ ಬೆಳೆಸಾಲ ಮೂರು ಲಕ್ಷದೊಳಗಿನದು. ಹೊತ್ತಿಗೆ ಸರಿಯಾಗಿ ಕಟ್ಟುವುದರಿಂದ ಬಡ್ಡಿ ಶೇಕಡಾ 4, ಉಳಿದ ಭಾರ ಕೇಂದ್ರ ಸರ್ಕಾರದ್ದು. ಸಣ್ಣ ಕೈಗಾರಿಕೆಯ ಮಾಲೀಕರೊಬ್ಬರೂ ಅದನ್ನೇ ಹೇಳಿದರು. 2019ರಲ್ಲಿ ಕಂಪನಿಗಳ ಮೂಲ ತೆರಿಗೆ ಶೇಕಡಾ 30ರಿಂದ 22ಕ್ಕೆ ಇಳಿದಾಗ ಅವರು ಸಿಹಿ ಹಂಚಿದ್ದರು. ಇನ್ನು ನಾನು? 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾಗದಿದ್ದರೆ ಈ ಹಳ್ಳಿಗಾಡಿಗೆ ಇಷ್ಟು ಶಾಖೆಗಳು ಬರುತ್ತಿರಲಿಲ್ಲ, ನನ್ನ ಈ ಕುರ್ಚಿಯೂ ಇರುತ್ತಿರಲಿಲ್ಲ. ನಮಗೆ ಬಂದದ್ದು ರಿಯಾಯಿತಿ, ಪ್ರೋತ್ಸಾಹ, ಸಂಬಳ. ಅವಳಿಗೆ ಬಂದದ್ದು ಮಾತ್ರ ಬಿಟ್ಟಿ.

ಹೊಸೂರೇ ಇದಕ್ಕೆ ಸಾಕ್ಷಿ. ಎಪ್ಪತ್ತರ ದಶಕದಲ್ಲಿ ಇಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂತು. ಆಗ ನಾವು ಧರ್ಮಪುರಿ ಜಿಲ್ಲೆಯವರು. ಕೃಷ್ಣಗಿರಿ ಜಿಲ್ಲೆ ಆದದ್ದು 2004ರಲ್ಲಿ. ಹಿಂದುಳಿದ ಸೀಮೆ ಎಂಬ ಕಾರಣಕ್ಕೆ ಕಾರ್ಖಾನೆಗಳಿಗೆ ನೆಲ ಮತ್ತು ರಿಯಾಯಿತಿ ದೊರೆತವು. ಟೈಟಾನ್ ಗಡಿಯಾರ ಕಂಪನಿ 1984ರಲ್ಲಿ ಹುಟ್ಟಿದ್ದು ಟಾಟಾ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸಂಸ್ಥೆಗಳ ಜಂಟಿ ಉದ್ಯಮವಾಗಿ. ಸರ್ಕಾರ ಬಂಡವಾಳ ಹಾಕಿತು, ನಷ್ಟದ ಭಯವನ್ನು ಹಂಚಿಕೊಂಡಿತು, ಸಾವಿರಾರು ಮನೆಗಳಲ್ಲಿ ದೀಪ ಹೊತ್ತಿತು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಅದನ್ನು ನಾವು ಬೆಳವಣಿಗೆ ಎಂದು ಕರೆದೆವು, ಸರಿಯಾಗಿಯೇ ಕರೆದೆವು. ಆದರೆ ರಾಗಿ ಬೆಳೆಯುತ್ತಿದ್ದ ನೆಲ ಬಿಟ್ಟುಕೊಟ್ಟವರಲ್ಲಿ ಎಲ್ಲರಿಗೂ ಕಾರ್ಖಾನೆಯ ಗೇಟು ತೆರೆಯಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ? ಈಗಿನ ಅಂತರ ತಾನಾಗಿ ಬೆಳೆದ ಮರವಲ್ಲ; ಅದಕ್ಕೆ ಸರ್ಕಾರವೂ ನೀರೆರೆದಿದೆ.

ಎದುರು ವಾದವನ್ನು ಹಗುರಾಗಿ ಕಾಣಲಾರೆ. ಅದನ್ನು ಗಟ್ಟಿಯಾಗಿ ಹೇಳಿದವರು ನಮ್ಮ ಸೀಮೆಯವರೇ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ 1952ರಲ್ಲಿ ಮದರಾಸಿನ ಮುಖ್ಯಮಂತ್ರಿಯಾಗಿ ಆಹಾರ ಧಾನ್ಯದ ನಿಯಂತ್ರಣವನ್ನು ತೆಗೆದುಹಾಕಿದರು. ಆಗ ನಿಮ್ಮ ಕಾಸರಗೋಡೂ ನಮ್ಮ ಹೊಸೂರೂ ಅದೇ ರಾಜ್ಯದಲ್ಲಿದ್ದವು. 1959ರಲ್ಲಿ ಅವರು ಸ್ವತಂತ್ರ ಪಕ್ಷ ಕಟ್ಟಿದ್ದೂ ಲೈಸೆನ್ಸು, ಪರ್ಮಿಟ್ಟುಗಳ ಆಳ್ವಿಕೆಯನ್ನು ಎದುರಿಸಲೆಂದೇ. ಕೊಡುವ ಕೈ ಕೊನೆಗೆ ಆಳುವ ಕೈಯಾಗುತ್ತದೆ ಎಂಬುದು ಆ ವಾದದ ತಿರುಳು ಎಂದು ನಾನು ತಿಳಿದಿದ್ದೇನೆ. 1990 ಮತ್ತು 2008ರ ಸಾಲಮನ್ನಾಗಳ ನೆನಪು ನಮ್ಮ ಬ್ಯಾಂಕಿನವರಲ್ಲಿ ಇನ್ನೂ ಇದೆ. ಹೊಟ್ಟೆ ಕಟ್ಟಿ ಕಂತು ಕಟ್ಟಿದವನು ಮೋಸಹೋದೆ ಅಂದುಕೊಂಡರೆ ಅವನನ್ನು ತಪ್ಪೆನ್ನಲಾಗದು. ಕೊಟ್ಟದ್ದನ್ನು ಮತದ ಜತೆ ತೂಗುವ ರಾಜಕಾರಣವೂ ಸುಳ್ಳಲ್ಲ.

ಆದರೆ ಆ ಎಚ್ಚರಿಕೆಯನ್ನು ನಾನು ಯಾರ ಮೇಲೆ ಪ್ರಯೋಗಿಸಬೇಕು? ಅಂದು ಆಳುವ ಕೈಯಾಗಿದ್ದದ್ದು ಆ ಮುದುಕಿಯಲ್ಲ, ಗಾಜಿನ ಈಚೆ ಕುಳಿತಿದ್ದ ನಾನು.

ನಿಮ್ಮ ನಾಡಿನ ಒಂದು ಉದಾಹರಣೆ ನೋಡಿ. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಅದೇ ಕಾನೂನು ಒಂದು ಮನೆಗೆ ನ್ಯಾಯ, ಆಚೆ ಮನೆಗೆ ಕಿತ್ತುಕೊಂಡದ್ದು. ಈ ಸಂಚಿಕೆ ಓದುವವರಲ್ಲಿ ಎರಡೂ ಮನೆಯವರಿರಬಹುದು. ನಮ್ಮ ಅಭಿಪ್ರಾಯ ಬಹುಮಟ್ಟಿಗೆ ನಾವು ಜಗಲಿಯ ಮೇಲೆ ಕೂತಿದ್ದೆವೋ, ಅಂಗಳದಲ್ಲಿ ನಿಂತಿದ್ದೆವೋ ಎಂಬುದರ ಮೇಲೆ ನಿಂತಿರುತ್ತದೆ. ಅಮೆರಿಕದ ಜಾನ್ ರಾಲ್ಸ್ ಎಂಬ ತತ್ತ್ವಜ್ಞ 1971ರ ತನ್ನ ಗ್ರಂಥದಲ್ಲಿ ಇದಕ್ಕೊಂದು ಉಪಾಯ ಹೇಳಿದ್ದಾನೆ: ನೀನು ಯಾವ ಮನೆಯಲ್ಲಿ ಹುಟ್ಟುತ್ತೀಯೆಂದು ತಿಳಿಯದೆ ನಿಯಮ ಮಾಡು, ಆಗ ಅದು ನ್ಯಾಯಕ್ಕೆ ಹತ್ತಿರವಾಗುತ್ತದೆ. ದೊಡ್ಡ ತತ್ತ್ವಶಾಸ್ತ್ರ ನನಗೆ ತಿಳಿಯದು. ಆದರೆ ಸಾಲಿನಲ್ಲಿ ನಾನೇ ನಿಂತಿದ್ದರೆ ಎಂದು ಯೋಚಿಸುವುದು ಬಿ.ಎ. ಓದಿದವನಿಗೂ ಸಾಧ್ಯ.

ಹಾಗೆ ಯೋಚಿಸಿದಾಗ ನನಗೆ ತೋರಿದ್ದು ಇಷ್ಟು. ಸರ್ಕಾರ ಕೊಡಬೇಕೇ ಬಾರದೇ ಎಂಬ ಪ್ರಶ್ನೆಯೇ ಪೂರ್ತಿ ಪ್ರಾಮಾಣಿಕವಲ್ಲ, ಏಕೆಂದರೆ ಅದು ಎಲ್ಲರಿಗೂ ಕೊಡುತ್ತಲೇ ಇದೆ. ಅವಳು ಆದಾಯ ಎರಡೂವರೆ ಲಕ್ಷ ಮೀರಿಲ್ಲ, ಕರೆಂಟು ವರ್ಷಕ್ಕೆ 3,600 ಯೂನಿಟ್ ದಾಟಿಲ್ಲ ಎಂದು ತೋರಿಸಬೇಕಾಗಿತ್ತು. ಇದರಿಂದ ಯಾರಿಗೆ ಉಪಕಾರ, ಯಾರ ಹಣ ಎಂಬ ಅದೇ ಪ್ರಶ್ನೆಯನ್ನು ದೊಡ್ಡ ರಿಯಾಯಿತಿಗಳಿಗೂ ಅಷ್ಟೇ ಗಟ್ಟಿಯಾಗಿ ಕೇಳೋಣ. ಸಾವಿರ ರೂಪಾಯಿ ಕೊಟ್ಟು ಶಾಲೆ, ಆಸ್ಪತ್ರೆ, ನ್ಯಾಯವಾದ ಕೂಲಿಯ ಮಾತು ಮರೆಸಿದರೆ ಅದನ್ನೂ ಕೇಳೋಣ. ಆದರೆ ತಲೆ ತಗ್ಗಿಸಿ ನಿಂತವರನ್ನು ಮಾತ್ರ ಕೇಳಿ ಮುಗಿಸುವುದು ಬೇಡ.

ಮುಂದಿನ ತಿಂಗಳು ಆಕೆ ಮತ್ತೆ ಬಂದಳು. ಚೀಟಿಯನ್ನು ನಾನೇ ಬರೆದುಕೊಟ್ಟೆ. ಕ್ಷಮಿಸಿ ಎಂಬ ಮಾತು ಬಾಯಿಗೆ ಬಂದರೂ ಹಿಂದೆ ಸಾಲಿದ್ದುದರಿಂದ ಆಡಲಿಲ್ಲ. ಅದನ್ನೇ ಇಲ್ಲಿ ಬರೆದಿದ್ದೇನೆ. ಅವಳು ಓದಲಾರಳು ಎಂಬುದು ಗೊತ್ತು.