ಹಾಲ್ಸ್ ಗ್ಯಾಪ್: ಬೆಟ್ಟದ ಹಂಗಿನ ಊರು

ಇಳಿಹೊತ್ತಾಯಿತೆಂದರೆ ಹಾಲ್ಸ್ ಗ್ಯಾಪ್‌ನ ಆಟದ ಮೈದಾನ ಕಾಂಗರೂಗಳ ಪಾಲು. ಗೋಲ್ ಕಂಬಗಳ ನಡುವೆ ಬೂದು ಕಾಂಗರೂಗಳ ಹಿಂಡು ತಲೆ ತಗ್ಗಿಸಿ ಮೇಯುತ್ತಿರುತ್ತದೆ. ಮೆಲ್ಬರ್ನ್‌ನಿಂದ ಬಂದ ಮಕ್ಕಳು ಬೇಲಿ ಪಕ್ಕ ನಿಂತು ಎಣಿಸುತ್ತಾರೆ, ಒಂದು ಕುಪ್ಪಳಿಸಿದ ಕೂಡಲೇ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡುತ್ತಾರೆ. ತಾಯಿಯ ಹೊಟ್ಟೆಚೀಲದಿಂದ ಎರಡು ಕಾಲಷ್ಟೇ ಹೊರಗೆ ಚಾಚಿಕೊಂಡು ತಲೆಕೆಳಗಾಗಿ ಕೂತ ಮರಿಯೂ ಕಾಣಸಿಗುತ್ತದೆ. ಊರಿನವರು ಮಾತ್ರ ಅತ್ತ ತಿರುಗಿಯೂ ನೋಡುವುದಿಲ್ಲ.

ವಿಕ್ಟೋರಿಯಾದ ಗ್ರ್ಯಾಂಪಿಯನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಆತುಕೊಂಡಿರುವ ಈ ಊರು ಮೆಲ್ಬರ್ನ್‌ನಿಂದ ವಾಯವ್ಯಕ್ಕೆ ಸುಮಾರು 250 ಕಿ.ಮೀ. ದೂರ. ಬ್ಯಾಲರಾಟ್, ಅರಾರಟ್ ದಾಟಿದರೆ ಮೂರು ಗಂಟೆಯ ದಾರಿ. ಒಂದೇ ಮುಖ್ಯ ಬೀದಿ, ಕಾಯಂ ವಾಸಿಗಳು ಕೆಲವೇ ನೂರು ಮಂದಿ. ಪಶ್ಚಿಮಕ್ಕೆ ವಂಡರ್‌ಲ್ಯಾಂಡ್ ಸಾಲು, ಪೂರ್ವಕ್ಕೆ ಮೌಂಟ್ ವಿಲಿಯಂ ಸಾಲು. ರಜೆ ಬಂತೆಂದರೆ ಇದೇ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ.

ಮೆಲ್ಬರ್ನ್ ಕನ್ನಡಿಗರ ಲಾಂಗ್ ವೀಕೆಂಡ್ ಪ್ರವಾಸಕ್ಕೂ ಇದು ಹೇಳಿ ಮಾಡಿಸಿದ ಜಾಗ. ಮೂರು ಕಾರು, ಹಿಂದಿನ ರಾತ್ರಿಯೇ ಕಲಸಿಟ್ಟ ಪುಳಿಯೋಗರೆ, ಡಬ್ಬಿ ತುಂಬ ಕೋಡುಬಳೆ. ಸಾರ್ವಜನಿಕ ಬಾರ್ಬೆಕ್ಯೂ ಒಲೆಯ ಮೇಲೆ ಎರಡು ಪದರ ಫಾಯಿಲ್ ಹಾಸಿ, ಬೇರೆಯವರ ಮಾಂಸದ ಜಿಡ್ಡು ಸೋಕದಂತೆ ಅಕ್ಕಿರೊಟ್ಟಿ ತಟ್ಟುವ ಅಜ್ಜಿಯರೂ ಉಂಟು. ಆಮೇಲೆ ಬೊರೋಕಾ ಲುಕೌಟ್, ಮೆಕೆಂಜಿ ಜಲಪಾತ, ಗಟ್ಟಿಗರಾದರೆ ಪಿನಾಕಲ್ ಶಿಖರ, ಸಾಲುಸಾಲು ಸೆಲ್ಫಿ, ವಾಪಸ್. ನೋಡಬೇಕಾದ ಜಾಗಗಳೇ ಅವು, ತಕರಾರಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಬೆಟ್ಟ ಕಂಡಂತಾಯಿತು, ಬೆಟ್ಟದ ಜೊತೆ ಬಾಳುವ ಊರು ಕಾಣಲಿಲ್ಲ.

ಈ ಊರು ಉಣ್ಣುವುದು ಬೆಟ್ಟದಿಂದ, ಬೆಟ್ಟ ಮುನಿದರೆ ಉಪವಾಸ. 2006ರ ಜನವರಿಯ ಕಾಳ್ಗಿಚ್ಚು ಉದ್ಯಾನದ ಹತ್ತಿರಹತ್ತಿರ ಅರ್ಧ ಭಾಗವನ್ನು ಸುಟ್ಟಿತು. 2011ರ ಜನವರಿಯಲ್ಲಿ ಮಳೆ ಎಡೆಬಿಡದೆ ಸುರಿದು ಗುಡ್ಡಗಳು ಜರಿದವು, ರಸ್ತೆಗಳು ಕೊಚ್ಚಿಹೋದವು. 2014ರಲ್ಲಿ ಉತ್ತರ ಭಾಗಕ್ಕೆ ಬೆಂಕಿ. 2024ರ ಫೆಬ್ರವರಿಯಲ್ಲಿ ಪಕ್ಕದ ಪೊಮೊನಲ್ ಎಂಬ ಪುಟ್ಟ ಊರಿನಲ್ಲಿ ಒಂದೇ ದಿನ 40ಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಿಡಿಲು ಬಡಿದು ಹೊತ್ತಿದ ಬೆಂಕಿ ವಾರಗಟ್ಟಲೆ ಉರಿದು ಸುಮಾರು 76,000 ಹೆಕ್ಟೇರ್ ನುಂಗಿತು. ಹೋಟೆಲು, ಕ್ಯಾರವಾನ್ ಪಾರ್ಕುಗಳು ವರ್ಷದ ಸಂಪಾದನೆಗೆ ಕಾದು ಕೂತಿರುವ ಕ್ರಿಸ್ಮಸ್ ಹೊತ್ತಿನಲ್ಲೇ, ಊರು ಬಿಟ್ಟು ಹೊರಡಿ ಎಂದು ಹಾಲ್ಸ್ ಗ್ಯಾಪ್‌ಗೆ ಸೂಚನೆ ಬಂತು. ಮನೆ ಉಳಿದವರಿಗೂ ವ್ಯಾಪಾರ ಉಳಿಯಲಿಲ್ಲ.

ಹಾಗೆಂದು ಸುಟ್ಟ ಬೆಟ್ಟವನ್ನು ನೋಡಬಾರದೆಂದಿಲ್ಲ. ನಿಜ ಹೇಳಬೇಕೆಂದರೆ ಅದನ್ನೇ ನೋಡಬೇಕು. ಬೆಂಕಿ ಆರಿ ಕೆಲವು ತಿಂಗಳಾದ ಮೇಲೆ ಹೋದರೆ ಇದ್ದಿಲಿನಂಥ ನೀಲಗಿರಿ ಕಾಂಡಗಳಿಗೆ ಬುಡದಿಂದ ತುದಿಯವರೆಗೆ ಎಳೆಚಿಗುರು ಮೆತ್ತಿಕೊಂಡಿರುತ್ತದೆ. ತೊಗಟೆಯ ಅಡಿಯಲ್ಲಿ ನಿದ್ರಿಸುತ್ತಿದ್ದ ಮೊಗ್ಗುಗಳು ಎಲೆಗಳೆಲ್ಲ ಬೆಂದುಹೋದ ಮೇಲೆ ಏಳುತ್ತವೆ. ಬ್ಯಾಂಕ್ಸಿಯಾದ ಮರದಂಥ ಕಾಯಿಗಳು ಕಾವಿಗೆ ಬಾಯಿಬಿಟ್ಟು ಬೀಜ ಉದುರಿಸಿರುತ್ತವೆ. ಅಂತರ್ಜಲ ಹೀರುತ್ತದೆಂದು ಕೋಲಾರ, ಬೆಂಗಳೂರು ಗ್ರಾಮಾಂತರದ ರೈತರಿಂದ ಬೈಸಿಕೊಂಡ ಮರ ಇದೇ ನೀಲಗಿರಿಯ ಬಳಗದ್ದು. ತವರಿನಲ್ಲಿ ಅದರ ಗತ್ತೇ ಬೇರೆ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೋಗುವವರು ರೂಮ್ ಬುಕ್ ಮಾಡುವಷ್ಟೇ ಶ್ರದ್ಧೆಯಿಂದ ವಿಕ್‌ಎಮರ್ಜೆನ್ಸಿ ಎಂಬ ತುರ್ತು ಎಚ್ಚರಿಕೆಯ ಆ್ಯಪ್ ನೋಡಿಕೊಂಡಿರಬೇಕು. ಹೊಗೆ ಕಂಡ ಮೇಲೆ ಹೊರಟರಾಯಿತು ಎನ್ನುವ ಲೆಕ್ಕಾಚಾರ ಈ ಕಣಿವೆಯಲ್ಲಿ ನಡೆಯದು, ಹೊರಬರುವ ರಸ್ತೆಗಳೇ ಬೆರಳೆಣಿಕೆಯಷ್ಟು. ಕಾಡುಹೂವು ಅರಳುವ ಸೆಪ್ಟೆಂಬರ್, ಅಕ್ಟೋಬರ್ ಎಲ್ಲಕ್ಕಿಂತ ಒಳ್ಳೆಯ ಕಾಲ.

ಗ್ರ್ಯಾಂಪಿಯನ್ಸ್ ಎಂಬ ಹೆಸರನ್ನು ಸ್ಕಾಟ್ಲೆಂಡಿನಿಂದ ಎರವಲು ತಂದವನು ಸರ್ವೇಯರ್ ಥಾಮಸ್ ಮಿಚೆಲ್. 1836ರ ಜುಲೈಯಲ್ಲಿ 1,167 ಮೀಟರ್ ಎತ್ತರದ ಮೌಂಟ್ ವಿಲಿಯಂ ಹತ್ತಿ, ತುದಿಯಲ್ಲೇ ರಾತ್ರಿಯೆಲ್ಲ ಚಳಿಯಲ್ಲಿ ನಡುಗಿ ಇಳಿದ. ಅದಕ್ಕೂ ಸಾವಿರಾರು ವರ್ಷ ಮೊದಲಿನಿಂದ ಜಾರ್ಡ್‌ವಾಜಲಿ ಮತ್ತು ಜಾಬ್ ವುರುಂಗ್ ಮೂಲನಿವಾಸಿ ಜನಕ್ಕೆ ಇದು ಗಾರಿವರ್ಡ್. ವಿಕ್ಟೋರಿಯಾದಲ್ಲಿ ಗೊತ್ತಿರುವ ಶಿಲಾಚಿತ್ರ ತಾಣಗಳಲ್ಲಿ ಹೆಚ್ಚಿನವು ಈ ಬೆಟ್ಟಸಾಲಿನಲ್ಲೇ ಇವೆ. ಸಾರ್ವಜನಿಕರಿಗೆ ತೆರೆದಿರುವುದು ಕೆಲವಷ್ಟೇ. ಉತ್ತರದ ತುದಿಯ ಗುಲ್ಗರ್ನ್ ಮಂಜಾ ಬಂಡೆಯಾಸರೆಗೆ ವಾಹನ ನಿಲ್ದಾಣದಿಂದ ಸ್ವಲ್ಪವೇ ನಡಿಗೆ. ಕಬ್ಬಿಣದ ಜಾಲರಿಯ ಆಚೆ ಬಂಡೆಯ ಮೇಲೆ ಕೆಮ್ಮಣ್ಣಿನ ಗೆರೆಗಳು, ಅಂಗೈಯ ಅಚ್ಚುಗಳು. ಅಚ್ಚುಗಳಲ್ಲಿ ಹಲವು ಮಕ್ಕಳವು, ಬೆರಳುಗಳು ಅಷ್ಟು ಚಿಕ್ಕವು. ಜಾಲರಿ ಫೋಟೋಗೆ ಅಡ್ಡ ಬರುತ್ತದೆಂದು ಗೊಣಗುವವರಿದ್ದಾರೆ. ಬಂಡೆಯ ಮೇಲೆ ಸ್ವಂತ ಹೆಸರು ಗೀಚುವ ಚಟ ನಮ್ಮ ಹಂಪಿ, ಬಾದಾಮಿಗಳಲ್ಲಿ ಮಾಡಿರುವ ಹಾನಿ ಕಂಡವರು ಗೊಣಗಲಾರರು. ಶಿಲಾಚಿತ್ರಗಳನ್ನೂ ಪ್ರಾಚೀನ ಕುರುಹುಗಳನ್ನೂ ಕಾಯಲೆಂದು 2019ರಲ್ಲಿ ಇಲ್ಲಿನ ಹಲವು ಬಂಡೆಗಳಲ್ಲಿ ರಾಕ್ ಕ್ಲೈಂಬಿಂಗ್ ನಿಷೇಧಿಸಲಾಯಿತು. ಜಗತ್ತಿನ ಮೂಲೆಮೂಲೆಯಿಂದ ಬರುತ್ತಿದ್ದ ಆರೋಹಿಗಳಿಗೆ ಬೇಸರವಾಯಿತು, ಅವರನ್ನು ನಂಬಿದ್ದ ಹತ್ತಿರದ ಊರುಗಳಲ್ಲೂ ಚರ್ಚೆ ಜೋರಾಗಿ ನಡೆಯಿತು.

ಹಿಂತಿರುಗುವಾಗ ಸ್ಟಾವೆಲ್ ಮೂಲಕ ಬರುವುದು ಒಳ್ಳೆಯದು. ಹಳೆಯ ಚಿನ್ನದ ಊರು. 1878ರಲ್ಲಿ ಶುರುವಾದ ಸ್ಟಾವೆಲ್ ಗಿಫ್ಟ್ ಎಂಬ ಓಟದ ಪಂದ್ಯ ಈಸ್ಟರ್‌ನಲ್ಲಿ ಇಂದಿಗೂ ಹುಲ್ಲುಹಾಸಿನ ಮೇಲೆ ನಡೆಯುತ್ತದೆ. ದೂರ 120 ಮೀಟರ್. ವೇಗಿಗಳು ಹಿಂದಿನಿಂದ, ನಿಧಾನಿಗಳು ಮುಂದಿನಿಂದ ಓಟ ಶುರು ಮಾಡಬೇಕು.

ಈ ಊರಿಗೂ ಕೋಲಾರಕ್ಕೂ ಒಂದು ನೆಂಟಸ್ತಿಕೆ ಇದೆ. ಸ್ಟಾವೆಲ್‌ನ ಚಿನ್ನದ ಗಣಿಯೊಳಗೆ, ನೆಲದಿಂದ 1,025 ಮೀಟರ್ ಆಳದಲ್ಲಿ, 2022ರಲ್ಲಿ ಭೌತಶಾಸ್ತ್ರದ ಪ್ರಯೋಗಾಲಯವೊಂದು ತೆರೆಯಿತು. ಬಾಹ್ಯಾಕಾಶದಿಂದ ಸುರಿಯುವ ಕಣಗಳನ್ನು ಮೇಲಿನ ಬಂಡೆ ತಡೆಯುತ್ತದೆ, ಕೆಳಗೆ ಡಾರ್ಕ್ ಮ್ಯಾಟರ್‌ನ ಸುಳಿವು ಹುಡುಕಬಹುದು ಎಂಬುದು ಲೆಕ್ಕ. ಇಟಲಿಯ ಪ್ರಯೋಗವೊಂದರಲ್ಲಿ ವರ್ಷವರ್ಷವೂ ಕಂಡ ಏರಿಳಿತ ನಿಜಕ್ಕೂ ಡಾರ್ಕ್ ಮ್ಯಾಟರ್‌ನದ್ದೇ, ಇಲ್ಲ ಬೇಸಿಗೆ ಚಳಿಗಾಲಗಳ ಆಟವೇ ಎಂಬುದು ವಿಜ್ಞಾನಿಗಳ ತಗಾದೆ. ಆಸ್ಟ್ರೇಲಿಯಾದಲ್ಲಿ ಋತುಗಳು ತಿರುವುಮುರುವಾದ್ದರಿಂದ ಅದನ್ನು ಇಲ್ಲಿ ಒರೆಗೆ ಹಚ್ಚಬಹುದು. ಚಿನ್ನದ ಗಣಿಯ ಆಳವನ್ನು ಹೀಗೆ ವಿಜ್ಞಾನಕ್ಕೆ ದುಡಿಸಿಕೊಂಡ ಮೊದಲಿಗರಲ್ಲಿ ಕೋಲಾರದ ಚಿನ್ನದ ಗಣಿ ಕೆಜಿಎಫ್‌ನವರಿದ್ದರು. ಅಲ್ಲಿ 2 ಕಿ.ಮೀ.ಗೂ ಹೆಚ್ಚು ಆಳದಲ್ಲಿ ಉಪಕರಣ ಇಟ್ಟು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ನಿನ ಸಂಗಡಿಗರೊಂದಿಗೆ ವಾತಾವರಣದ ನ್ಯೂಟ್ರಿನೊಗಳ ಗುರುತು ಹಿಡಿದದ್ದು 1965ರಲ್ಲಿ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಕಾರಿನಲ್ಲಿ ಕೋಲಾರದ ಕಡೆಯವರು ಒಬ್ಬರಿದ್ದರೆ ಸಾಕು, ಸ್ಟಾವೆಲ್ ಬಿಟ್ಟು ಅರಾರಟ್ ಮುಟ್ಟುವವರೆಗೆ ಮಾತಿಗೆ ಬರವಿಲ್ಲ.